ಎರಡನೇ ಗೇರಿನ ಒದೆತ

ನನ್ನ ಎಡಗಾಲು ಮಂಡಿಯಲ್ಲಿ ಮಡಚುವುದಿಲ್ಲ. ಮೆಟ್ಟಿಲಲ್ಲಿ ಜಾರಿ ಬಿದ್ದು, ಆಪರೇಷನ್ ಆಗಿ, ಕೊನೆಗೆ ಅದು ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿತು. ಬಲಗಾಲು ಮಾತ್ರ ಬಂಗಾರ. ಆದರೆ ನಮ್ಮ ಜನರ ಲೆಕ್ಕವೇ ಬೇರೆ. ಒಂದು ಕಾಲಿಗೆ ಏನೋ ಆಯಿತೆಂದರೆ ಎರಡೂ ಕಾಲು ಹೋದವು, ಜೊತೆಗೆ ಅರ್ಧ ಬುದ್ಧಿಯೂ ಹೋಯಿತು ಅಂತಲೇ ಮಾತಾಡಿಸುತ್ತಾರೆ. ಭದ್ರಾವತಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಈ ತಪ್ಪು ಲೆಕ್ಕ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆ. ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗುವಾಗ ನನ್ನ ಕಾಲು ನಡುದಾರಿಗೆ ಅಡ್ಡ ಚಾಚಿಕೊಂಡಿರುತ್ತಿತ್ತು. ಹತ್ತುವವರು, ಇಳಿಯುವವರು ಎಲ್ಲರೂ ಎಡವಿ ನನಗೇ ಸಾರಿ ಕೇಳುತ್ತಿದ್ದರು. ಅದನ್ನು ನೋಡಲಾರದೆ ನನ್ನ ಗಂಡ ಎಲ್ಲಿಂದಲೋ ಒಂದು ಹಳೇ ಆಟೋಮ್ಯಾಟಿಕ್ ಕಾರು ಹುಡುಕಿ ತಂದರು. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ, ಬಲಗಾಲೊಂದಿದ್ದರೆ ಸಾಕು. ಮೊದಲ ದಿನ ಅದನ್ನು ಓಡಿಸಿಕೊಂಡು ಬಂದು ಗೇಟಿನ ಮುಂದೆ ನಿಲ್ಲಿಸಿ ಒಳಗೇ ಕೂತು ನಕ್ಕೆ. ನಾನು ನಕ್ಕ ರೀತಿಗೆ ಎದುರು ಮನೆಯವರು ಏನಾಯಿತೋ ಎಂದು ಹೊರಗೆ ಬಂದರು.

ಒಂದೆರಡು ವರ್ಷ ಕಾರು ಸಾಧುಪ್ರಾಣಿಯಾಗಿತ್ತು. ಆಮೇಲೆ ಒದೆಯಲು ಶುರುಮಾಡಿತು. ಮೊದಲನೇ ಗೇರಿನಿಂದ ಎರಡನೆಯದಕ್ಕೆ ಬೀಳುವಾಗ ಒಂದು ಕ್ಷಣ ಎಂಜಿನ್ ಸುಮ್ಮನೆ ಕೂಗಿಕೊಳ್ಳುವುದು, ಮರುಕ್ಷಣ ಹಿಂದಿನಿಂದ ಯಾರೋ ಒದ್ದಂತೆ ಕಾರು ಮುಂದಕ್ಕೆ ಹಾರುವುದು. ನನ್ನ ಜೊತೆ ಬರುತ್ತಿದ್ದ ಕನ್ನಡ ಮೇಡಂ ತೊಡೆಯ ಮೇಲಿಟ್ಟುಕೊಂಡಿದ್ದ ಡಬ್ಬಿಯ ಹುಳಿ ಅವರ ಸೀರೆಗೇ ಅಭಿಷೇಕವಾಯಿತು. ಮರುದಿನದಿಂದ ಅವರಿಗೆ ಬಸ್ಸಿನ ಮೇಲೆ ಪ್ರೀತಿ ಹುಟ್ಟಿತು. ನನ್ನ ಗಂಡ ಪಕ್ಕದಲ್ಲಿ ಕೂತರೆ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಶಿವ ಶಿವ ಅನ್ನುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಸವಳಂಗ ರಸ್ತೆಯ ಮೆಕ್ಯಾನಿಕ್ಕುಗಳೆಲ್ಲ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಆಟೋಮ್ಯಾಟಿಕ್ಕಾ ಮೇಡಂ ಎಂದು ಸಾವಿನ ಮನೆಗೆ ಬಂದವರ ದನಿಯಲ್ಲಿ ಕೇಳುತ್ತಿದ್ದರು. ಗೇರಿನ ಎಣ್ಣೆ ನೋಡಿಸಿದ್ದೀರಾ ಅಂತಲೂ ಕೇಳುತ್ತಿದ್ದರು. ಭದ್ರಾವತಿ ಜನ್ನಾಪುರದ ನಮ್ಮ ಸೋದರಮಾವ ನೋಡಿದ್ದಾರೆ, ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಅಲ್ಲಿಗೆ ಮುಗಿಯಿತು. ಭದ್ರಾವತಿ ಫಿಟ್ಟರ್ ನೋಡಿದ ಮೇಲೆ ಶಿವಮೊಗ್ಗದಲ್ಲಿ ಯಾರೂ ಮತ್ತೆ ನೋಡುವುದಿಲ್ಲ. ಎಣ್ಣೆ ಸರಿ ಇರುತ್ತೆ ಬಿಡಿ, ಗೇರುಪೆಟ್ಟಿಗೆಯೇ ಹೋಗಿದೆ, ಮಾರಿಬಿಡಿ ಅನ್ನುತ್ತಿದ್ದರು.

ನನ್ನ ಗಂಡ ಆ ಮಾತನ್ನೇ ಹಿಡಿದುಕೊಂಡರು. ಕೊಳ್ಳುವವರೂ ಸಿಕ್ಕಿದರು, ಅವರದೇ ಸ್ನೇಹಿತರು. ಭಾನುವಾರ ಸಂಜೆ ಆ ಸ್ನೇಹಿತರು ಫೋನ್ ಮಾಡಿ ಮಾತು ಮುಗಿಸುವುದೆಂದು ನಿಶ್ಚಯವಾಯಿತು. ಇನ್ನು ಮೇಲೆ ತಾವೇ ಸ್ಕೂಟರಿನಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವುದಾಗಿಯೂ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು, ಅದಕ್ಕೇ ಹೆಚ್ಚು ಸಂಕಟವಾಯಿತು. ಆ ಕಾರು ಹೋದರೆ ನಾನು ಮತ್ತೆ ಯಾರೋ ಹತ್ತಿಸುವ, ಯಾರೋ ಇಳಿಸುವ ಹೆಂಗಸು.

ಭಾನುವಾರ ಬೆಳಿಗ್ಗೆ ಕೊನೆಯ ಆಸೆಗೆಂದು ಇಬ್ಬರೂ ಒದೆಸಿಕೊಳ್ಳುತ್ತಾ ಜನ್ನಾಪುರಕ್ಕೆ ಹೋದೆವು. ಮಾವನಿಗೆ ಒಂದು ನಿಯಮವಿತ್ತು. ಯಂತ್ರ ನಿಲ್ಲಿಸದೆ ಕೈ ಹಾಕಬಾರದು. ಓಡುವ ಯಂತ್ರಕ್ಕೆ ಕೈ ಹಾಕಿ ಬೆರಳು ಕಳೆದುಕೊಂಡ ಜೊತೆಗಾರನನ್ನು ಕಣ್ಣಾರೆ ನೋಡಿದ್ದವರು ಅವರು. ಕೆಲಸದಿಂದ ನಿವೃತ್ತರಾದರೂ ನಿಯಮದಿಂದ ಆಗಿರಲಿಲ್ಲ. ಮನೆಯ ಮಿಕ್ಸಿಯ ಮುಚ್ಚಳ ತೆಗೆಯುವುದಕ್ಕೂ ಪ್ಲಗ್ ಕೀಳಬೇಕು. ಅತ್ತೆ, ಅಂದರೆ ಮಾವನ ಹೆಂಡತಿ, ಇದನ್ನು ಸಂಸಾರವಿಡೀ ಸಹಿಸಿಕೊಂಡು ಬಂದವರು.

ಮಾವ ಬಾನೆಟ್ ಎತ್ತಿ, ಎಂಜಿನ್ ಆಫ್ ಮಾಡಲು ನನಗೆ ಹೇಳಿ, ಕನ್ನಡಕ ತರಲು ಒಳಗೆ ಹೋದರು. ನಾನು ಇನ್ನೂ ಕೀ ತಿರುಗಿಸಿರಲಿಲ್ಲ. ಅಷ್ಟರಲ್ಲಿ ಅತ್ತೆ ಬಂದರು. ರೊಟ್ಟಿ ಆರುತ್ತಿದೆ, ಇವರು ಬಂದು ನೋಡುವಷ್ಟರಲ್ಲಿ ಕಲ್ಲಾಗುತ್ತದೆ ಎಂದು ಗೊಣಗುತ್ತಾ, ಗಂಡ ಮಾಡುವುದನ್ನು ನೋಡಿದ್ದ ಹಾಗೆಯೇ ಗೇರೆಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದರು. ಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ಕೂಡ ಇರಲಿಲ್ಲ.

ಹೊರಗೆ ಬಂದ ಮಾವನಿಗೆ ಹೆಂಡತಿಯ ಕೈ ಓಡುವ ಎಂಜಿನ್ ಪಕ್ಕದಲ್ಲಿ ಕಂಡು ಜೀವವೇ ಹಾರಿಹೋಯಿತು. ಬೈದು, ನನ್ನನ್ನೂ ಬೈದು, ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ತಾವೇ ಕಡ್ಡಿ ಅದ್ದಿದರು. ಎಣ್ಣೆ ಗೆರೆಯ ತನಕ ತುಂಬಿತ್ತು. ಕಡ್ಡಿಯನ್ನು ಗೆದ್ದವರ ಹಾಗೆ ಎತ್ತಿ ತೋರಿಸಿದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು: "ನಿಂತಾಗ ತುಂಬಿದೆ, ಓಡ್ವಾಗ ಖಾಲಿ. ಗಾಡಿಗೆ ಎಣ್ಣೆ ಬೇಕಾಗೋದು ಓಡ್ವಾಗ ಅಲ್ವೇನ್ರೀ?"

ಮಾವ ಕಡ್ಡಿ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತರು. ಎಂಜಿನ್ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ತಳ ತುಂಬಿಕೊಳ್ಳುತ್ತದೆ, ಓಡುವಾಗ ಮೇಲೇರಿ ಗೇರುಪೆಟ್ಟಿಗೆಯೊಳಗೆ ಸುತ್ತುತ್ತದೆ. ಅದನ್ನು ಅಳೆಯಬೇಕಾದದ್ದು ಓಡುವಾಗಲೇ. ಒಂದು ನಿಯಮದಿಂದ ತಿಂಗಳುಗಟ್ಟಲೆ ಒದೆಸಿಕೊಂಡಿದ್ದೆವು! ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ಶುರುಮಾಡಿದರು. ಮಾವ ಮೊದಲು ಮುಖ ಗಂಟಿಕ್ಕಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹುಡುಕಿದರೆ ಎಣ್ಣೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲವಾಗಿ ಜಿನುಗುತ್ತಿತ್ತು. ಅದನ್ನು ಮಾವ ಬಿಗಿದರು. ನನ್ನ ಗಂಡ ಪೇಟೆಗೆ ಹೋಗಿ ಆ ಕೆಂಪು ಎಣ್ಣೆ ತಂದರು. ಇನ್ನು ಉಳಿದದ್ದು ಕಷ್ಟದ ಕೆಲಸ. ಎಂಜಿನ್ ಓಡುತ್ತಿರಬೇಕು, ಒಬ್ಬರು ಬ್ರೇಕ್ ಒತ್ತಿ ಹಿಡಿದು ಗೇರನ್ನು ಒಂದೊಂದೇ ಜಾಗಕ್ಕೆ ಹಾಕಿ ತೆಗೆಯಬೇಕು, ಇನ್ನೊಬ್ಬರು ಕಾರಿನ ಮುಂದೆ ಬಾಗಿ ನಿಂತು ಎಣ್ಣೆ ಸುರಿದು ಅಳೆಯಬೇಕು. ಬ್ರೇಕ್ ಮೇಲಿನ ಕಾಲು ಜಾರಿದರೆ ಕಾರು ಮುಂದಿರುವವರ ಮೇಲೆ ಹಾರುತ್ತದೆ. ಹಾರುವುದರಲ್ಲಿ ನಮ್ಮ ಕಾರಿನ ಕೈ ಪಳಗಿತ್ತು.

ನನ್ನ ಗಂಡ ತಕ್ಷಣ ಬಾಗಿಲು ತೆಗೆದು ನನ್ನನ್ನು ಇಳಿಯಲು ಹೇಳಿದರು. ನನ್ನ ಕಾಲು ಸರಿ ಇಲ್ಲವಲ್ಲ, ತಾವೇ ಕೂರುವುದಾಗಿ ಹೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಮಾವ ಕೈ ಅಡ್ಡ ಹಿಡಿದರು.

"ಬೇಡ ಅಳಿಯಂದ್ರೆ, ಅವ್ಳೇ ಕೂರ್ಲಿ. ನಿಮ್ ಎಡಗಾಲು ಕ್ಲಚ್ ಹುಡುಕ್ತಾ ಇರುತ್ತೆ. ಅವಳ್ದು ಸುಮ್ನಿರುತ್ತೆ."

ನಾನು ಬೆರಗಾಗಿ ಕೂತೆ. ನನ್ನ ಎಡಗಾಲಿನ ಬಗ್ಗೆ ಅದುವರೆಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಎಂಜಿನ್ ಶುರುಮಾಡಿದೆ. ಮಾವ ಹಣೆಯ ವಿಭೂತಿಗೆ ಬೆರಳು ಮುಟ್ಟಿಸಿ, ಓಡುವ ಯಂತ್ರಕ್ಕೆ ಕೈ ಚಾಚಿದರು. ಅವರು ಕಾರಿನ ನೇರ ಮುಂದೆ ನಿಂತಿದ್ದುದು ಬಾನೆಟ್ಟಿನ ಸಂದಿಯಲ್ಲಿ ನನಗೆ ಕಾಣುತ್ತಿತ್ತು. ಪಕ್ಕಕ್ಕೆ ನಿಂತು ಮಾಡಿ ಮಾವ ಎಂದು ಕೂಗಿದೆ.

"ಇಲ್ಲಿಂದ್ಲೇ ಚೆನ್ನಾಗಿ ಕಾಣುತ್ತೆ ಮಗ. ನೀನು ಗೇರ್ ಹಾಕು."

ಹಾಕಿದೆ. ಕಾರು ಒಮ್ಮೆ ಮೈ ಝಾಡಿಸಿತು, ಆದರೆ ಕೂದಲೆಳೆಯಷ್ಟೂ ಕದಲಲಿಲ್ಲ. ನನ್ನ ಬಲಗಾಲು ಅಷ್ಟು ಗಟ್ಟಿಯಾಗಿ ಬೇರೆ ಯಾವತ್ತೂ ಏನನ್ನೂ ಒತ್ತಿರಲಿಲ್ಲ. ಎಣ್ಣೆ ಗೆರೆ ಮುಟ್ಟುವ ತನಕ ಮಾವ ಅಲ್ಲಿಂದ ಸರಿಯಲಿಲ್ಲ. ನನ್ನ ಕಣ್ಣು ತುಂಬಿ ಬಂದಿತ್ತು, ಸಂತೋಷದಿಂದಲೇ.

ಆರಿದ ರೊಟ್ಟಿಯನ್ನು ಎಣ್ಣೆಗಾಯಿ ಜೊತೆ ತಿಂದು ಹೊರಡುವಾಗ ಸಂಜೆಯಾಗಿತ್ತು. ಭದ್ರಾವತಿ ದಾಟುವಷ್ಟರಲ್ಲಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಎರಡನೇ ಗೇರು ಬಂದದ್ದೇ ಗೊತ್ತಾಗಲಿಲ್ಲ! ನಂಬಿಕೆ ಬರದೆ ಬೇಕೆಂದೇ ನಿಧಾನ ಮಾಡಿ ಮತ್ತೆ ಎಳೆದೆ. ಒದೆತವಿಲ್ಲ. ಮತ್ತೆ ಎಳೆದೆ. ಹಿಂದೆ ಬರುತ್ತಿದ್ದ ಲಾರಿಯವನು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದ, ಅವನಿಗೂ ಕೈ ಬೀಸಿದೆ. ಮಲವಗೊಪ್ಪ ಬರುವಾಗ ಪಕ್ಕಕ್ಕೆ ತಿರುಗಿ ನೋಡಿದರೆ ನನ್ನ ಗಂಡ ಹಿಡಿ ಬಿಟ್ಟು, ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು.

ಮನೆಯ ತಿರುವು ಬಂತು. ನಾನು ತಿರುಗಿಸಲಿಲ್ಲ, ಸವಳಂಗ ರಸ್ತೆಯಲ್ಲಿ ನೇರ ಹೊಡೆದೆ. ಆಗ ಅವರ ಜೇಬಿನ ಫೋನು ಬಡಿದುಕೊಂಡಿತು. ಎದ್ದು, ಕಣ್ಣುಜ್ಜಿಕೊಂಡು, ಹೊರಗೆ ನೋಡಿದರು. ಮನೆ ಹಿಂದೆ ಹೋಯಿತಲ್ಲ ಎಂದರು. ಹೋಗಲಿ ಎಂದೆ. ನನ್ನ ಮುಖ ನೋಡಿ ಫೋನನ್ನು ಕಿವಿಗಿಟ್ಟುಕೊಂಡರು.

"ಇಲ್ಲ ಮಾರಾಯ, ಕಾರು ಕೊಡಲ್ಲ. ಹೆಂಡ್ತಿ ಓಡಿಸ್ತಿದ್ದಾಳೆ."