ಸ್ಟೀರಿಂಗಮ್ಮನ ಡೊಂಕು ನೆಲ

ನಮ್ಮ ಯಜಮಾನರ ಅತ್ತಿಗೆಯನ್ನು ಹೊಳೆದಡದ ಜನ ಕರೆಯುವುದು ಸ್ಟೀರಿಂಗಮ್ಮ ಎಂದು. ನನಗೆ ಅವಳು ಓರಗಿತ್ತಿ, ಬಾಯಿ ತುಂಬ ಅಕ್ಕ. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಮೋಟಾರು ಬೋಟು ನಮ್ಮ ಮನೆಯದು. ಭಾವ ಹಾಸಿಗೆ ಹಿಡಿದಾಗ, ಅವರು ಏಳುವವರೆಗೆ ಎಂದು ಅಕ್ಕ ಸ್ಟೀರಿಂಗ್ ಹಿಡಿದಳು. ಭಾವ ಏಳಲಿಲ್ಲ, ಅಕ್ಕ ಬಿಡಲಿಲ್ಲ. "ಹೆಂಗಸು ನಡೆಸೋ ಬೋಟು ನಾವು ಹತ್ತಲ್ಲ" ಎಂದವರಿಗೆ, "ಹತ್ತಬೇಡಿ, ಈಜ್ಕೊಂಡು ಬನ್ನಿ. ಮೈ ಒರೆಸ್ಕೊಳ್ಳೋಕೆ ಟವೆಲ್ ನಾನೇ ಕೊಡ್ತೀನಿ" ಎಂದಿದ್ದಳು. ಈಗ ಮುಂದಿನ ಸೀಟಿಗೆ ಜಗಳ ಆಡುವವರೂ ಅವರೇ.

ಅಂಥ ಬೋಟು ಒಂದು ದಿನ ಗೇರು ಹಾಕಿದೊಡನೆ ಧಡ್ ಎಂದಿತು. ಮುಂದಕ್ಕೆ ಹಾಕಿದರೆ ಒಂದು ಧಡ್, ಹಿಂದಕ್ಕೆ ಹಾಕಿದರೆ ಇನ್ನೊಂದು. ಕಾಲ ಕೆಳಗಿನ ಹಲಗೆಯನ್ನು ಯಾರೋ ಸುತ್ತಿಗೆಯಿಂದ ಗುದ್ದಿದ ಹಾಗೆ. "ಏನಮ್ಮಾ, ಕೆಳಗೆ ಯಾರನ್ನಾದ್ರೂ ಕೂಡಿ ಹಾಕಿದ್ದೀಯಾ?" ಎಂದು ಒಬ್ಬರು ಕೇಳಿದರು, ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧ ಜನ ಮಾರನೆಯ ದಿನ ಬಸ್ಸಿನಲ್ಲಿ ಸುತ್ತಿ ಬಳಸಿಕೊಂಡು ಹೋದರು.

ಮೆಕ್ಯಾನಿಕ್ ಬಂದ, ಕಿವಿಗೊಟ್ಟು ಕೇಳಿದ, ಗೇರ್‌ಬಾಕ್ಸ್ ಹೋಗಿದೆ ಎಂದ. ನಮ್ಮ ಯಜಮಾನರಿಗೆ ಅಷ್ಟು ಸಾಕಾಯಿತು.

"ಅತ್ತಿಗೆ, ನೀವು ದುಡಿದಿದ್ದು ಸಾಕು. ಬೋಟು ಕೊಟ್ಟುಬಿಡೋಣ. ಭಾನುವಾರ ಒಬ್ಬರು ನೋಡೋಕೆ ಬರ್ತಾರೆ. ಇನ್ನು ಮನೇಲಿ ಹಾಯಾಗಿರಿ."

ಹಾಯಾಗಿ ಅಂತೆ. ನಮ್ಮ ಮನೆಯಲ್ಲಿ ಹಾಯಾಗಿರುವುದು ಎಂದರೆ ಏನು ಅಂತ ನನ್ನನ್ನು ಕೇಳಿ. ಬೆಳಗಿನ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನದ್ದು ಬಂದು ಬಿದ್ದಿರುತ್ತದೆ. ಆ ಸ್ಟೀರಿಂಗ್ ಬಿಟ್ಟರೆ ತನ್ನದು ಅನ್ನುವಂಥದ್ದು ಅಕ್ಕನಿಗೆ ಈ ಮನೆಯಲ್ಲಿ ಒಂದು ಮೂಲೆಯೂ ಇಲ್ಲ. ಅದನ್ನೂ ಕಿತ್ತುಕೊಂಡರೆ ಅವಳಿಗೆ ಏನು ಉಳಿದೀತು? ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ ತಣ್ಣಗೆ, "ಭಾನುವಾರದೊಳಗೆ ಸದ್ದು ನಿಲ್ಲದಿದ್ರೆ ನಾನೇ ಒಪ್ಕೋತೀನಿ. ಅಲ್ಲೀವರೆಗೂ ಯಾರೂ ಅದರ ಹತ್ರ ಬರಬೇಡಿ" ಎಂದಳು.

ಗೇರ್‌ಬಾಕ್ಸಿನ ಎಣ್ಣೆಯನ್ನು ಬಿಳಿ ಬಟ್ಟೆಗೆ ಹಚ್ಚಿ ಬೆಳಕಿಗೆ ಹಿಡಿದಳು. ಗೇರಿನ ಹಲ್ಲು ಸವೆದಿದ್ದರೆ ಕಬ್ಬಿಣದ ಪುಡಿ ಮಿನುಗಬೇಕಿತ್ತು. ಒಂದು ಕಣವೂ ಇರಲಿಲ್ಲ. ಗೇರು ಹಾಕದೆ ಎಂಜಿನ್ನನ್ನು ಎಷ್ಟು ಜೋರಾಗಿ ಓಡಿಸಿದರೂ ಆ ಧಡ್ ಸದ್ದಿಲ್ಲ.

"ಎಂಜಿನ್ನೂ ಸರಿ, ಗೇರ್‌ಬಾಕ್ಸೂ ಸರಿ. ರೋಗ ಬೇರೆಲ್ಲೋ ಇದೆ" ಎಂದಳು.

ನಮ್ಮ ಯಜಮಾನರು ನಕ್ಕರು. "ಕುಣೀಲಾರದೋಳು ನೆಲ ಡೊಂಕು ಅಂದಳಂತೆ."

ಅಂದಿನ ಊಟ ತಣ್ಣಗಿತ್ತು ಎಂದು ಯಜಮಾನರು ಇವತ್ತಿಗೂ ದೂರುತ್ತಾರೆ. ಇರಲಿ ಬಿಡಿ.

ಶನಿವಾರ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ನಾನೂ ಬೋಟಿಗೆ ಹೋದೆ. ಗೇರ್‌ಬಾಕ್ಸನ್ನು ನೀರಿನಡಿಯ ಫ್ಯಾನಿನ ಶಾಫ್ಟಿಗೆ ಜೋಡಿಸುವ ಬೋಲ್ಟುಗಳಲ್ಲಿ ಒಂದು ಸಡಿಲವಾಗಿತ್ತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡು ಅಕ್ಕ ಹಲ್ಲು ಕಚ್ಚಿ ಬಿಗಿದಳು. ಬೋಟನ್ನು ಹಗ್ಗದಿಂದ ಕಟ್ಟೆಗೆ ಕಟ್ಟಿ, ಎಂಜಿನ್ ಶುರು ಮಾಡಿ ಗೇರು ಹಾಕಿದಳು. ಧಡ್.

ಅವಳು ಗೇರು ತೆಗೆದು ಹಲಗೆಯ ಮೇಲೆ ಕುಸಿದು ಕೂತಳು. "ನಿನ್ನ ಗಂಡ ಹೇಳೋದೇ ನಿಜ ಇರಬಹುದೇನೇ" ಎಂದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದೇ ಇಲ್ಲ.

"ಇಲ್ಲದ್ದೆಲ್ಲ ಮಾತಾಡಬೇಡ ಅಕ್ಕ. ಮೊದಲು ಟೀ ಕುಡಿ, ಆಮೇಲೆ ಇನ್ನೊಂದು ಸಲ ಹಾಕು."

ಟೀ ಲೋಟ ಇಡಲು ಬೇರೆ ಜಾಗ ಕಾಣದೆ ಓಡುತ್ತಿದ್ದ ಎಂಜಿನ್ನಿನ ತಲೆಯ ಮೇಲೇ ಇಟ್ಟೆ. ಟೀ ಸುಮ್ಮನೆ ನಡುಗುತ್ತಿತ್ತು. ಅಕ್ಕ ಎಲ್ಲಿಯ ಟೀ ಎಂಬಂತೆ ಮತ್ತೆ ಗೇರು ಹಾಕಿದಳು. ಲೋಟ ಎಗರಿ ನನ್ನ ಮಡಿಲಿಗೇ ಬಿತ್ತು.

"ಅಯ್ಯೋ, ನನ್ನನ್ನು ಬೇಯಿಸಿಬಿಟ್ಟೆಯಲ್ಲ ಅಕ್ಕ!" ಎಂದೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಲೋಟ ಇದ್ದ ಜಾಗವನ್ನೇ ನೋಡುತ್ತಿದ್ದಳು.

"ಎಂಜಿನ್ ಒಳಗೇನೂ ಇಲ್ಲ ಕಣೇ. ಎಂಜಿನ್ನೇ ಎದ್ದು ಕೂರ್ತಾ ಇದೆ."

ಎಂಜಿನ್ ನಿಲ್ಲಿಸಿ, ದಡದಲ್ಲಿದ್ದ ಯಜಮಾನರನ್ನು ಕೂಗಿದಳು. ಅವರು ಗೊಣಗುತ್ತಲೇ ಬಂದರು. ಅವರ ಕೈಗೆ ಹಾರೆ ಕೊಟ್ಟು, "ಬಾಪ್ಪಾ, ಇಲ್ಲಿ ಸ್ವಲ್ಪ ಮೀಟು" ಎಂದಳು. ಎಂಜಿನ್ ನಿಂತಿರುವುದು ನಾಲ್ಕು ರಬ್ಬರಿನ ಕಾಲುಗಳ ಮೇಲೆ. ಗೇರ್‌ಬಾಕ್ಸಿನ ಪಕ್ಕದ ಕಾಲಿನ ನಟ್ಟು ಮೇಲಿನಿಂದ ಗಟ್ಟಿಯಾಗೇ ಇತ್ತು, ಬಣ್ಣವೂ ಕೆಟ್ಟಿರಲಿಲ್ಲ. ಆದರೆ ಯಜಮಾನರು ಮೀಟಿದಾಗ ಎಂಜಿನ್ನಿನ ಜೊತೆ ಆ ನಟ್ಟೂ ಮೇಲೆದ್ದಿತು. ಕೆಳಗೆ ಬೆರಳು ತೂರುವಷ್ಟು ಸಂದು. ಒಳಗೆ ರಬ್ಬರು ತಗಡಿನಿಂದ ಕಿತ್ತು ಬಂದಿತ್ತು. ಒಂದು ಮೂಲೆ ತಗ್ಗಿ ಎಂಜಿನ್ ಓರೆಯಾಗಿ ಕೂತಿತ್ತು. ಗೇರು ಬಿದ್ದಾಗಲೆಲ್ಲ ಅದು ಎದ್ದು ಧಡ್ ಎಂದು ಕೂರುತ್ತಿತ್ತು.

"ನೆಲ ಡೊಂಕೇ ಇತ್ತು ನೋಡಪ್ಪ" ಎಂದಳು ಅಕ್ಕ. "ಕುಣಿಯೋಳು ಸರಿಯಾಗೇ ಇದ್ದಳು."

ಯಜಮಾನರು ಹಾರೆ ಹಿಡಿದುಕೊಂಡು ನಿಂತೇ ಇದ್ದರು. ನನ್ನ ಬಾಯಿ ಸುಮ್ಮನಿರುತ್ತದೆಯೇ? "ರೀ, ಗಟ್ಟಿಯಾಗಿ ಹಿಡ್ಕೊಳ್ಳಿ. ಕಾಲ ಮೇಲೆ ಹಾಕ್ಕೊಂಡೀರಿ" ಎಂದೆ.

ಮೆಕ್ಯಾನಿಕ್ ಹೊಸ ಕಾಲು ತಂದು ಕೂರಿಸಿದ. "ಸದ್ದೇನೋ ಗೇರ್‌ಬಾಕ್ಸಿಂದಲೇ ಬಂದ ಹಾಗಿತ್ತು" ಎಂದು ತಲೆ ಕೆರೆದುಕೊಂಡ. ಹಾಗೇ ಇತ್ತು, ಅವನದೇನೂ ತಪ್ಪಿಲ್ಲ.

ಭಾನುವಾರ ಬೋಟು ನೋಡುವವರು ತಂಪು ಕನ್ನಡಕ ಹಾಕಿಕೊಂಡು ಬಂದೇಬಿಟ್ಟರು. ಯಜಮಾನರು ಅವರಿಗೆ ಬರಬೇಡಿ ಎಂದು ಹೇಳಿರಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. ಬೋಟಿನ ತುಂಬ ಜನ. ಅಕ್ಕ ಸ್ಟೀರಿಂಗ್ ಮುಂದೆ ಕೂತಿದ್ದಳು.

"ಮಾರೋ ಬೋಟು ಇದೇನಾ?" ಎಂದು ಅವರು ಯಜಮಾನರನ್ನು ಕೇಳಿದರು. ಯಜಮಾನರು ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು, ನೀರು ನೋಡಿದರು.

"ಇದು ದಾಟೋ ಬೋಟು" ಎಂದಳು ಅಕ್ಕ. "ದಾಟೋದಿದ್ರೆ ಹತ್ತಿ. ನೋಡೋದಿದ್ರೆ ದಡದಲ್ಲೇ ನಿಂತು ನೋಡಿ, ಚೆನ್ನಾಗಿ ಕಾಣುತ್ತೆ."

ಆಮೇಲೆ ಮೈದುನನ ಕಡೆ ತಿರುಗಿದಳು. "ನಿಂತೇ ಇದ್ದೀಯಲ್ಲಪ್ಪ. ಹಗ್ಗ ಬಿಚ್ಚು, ಜನ ಕಾಯ್ತಿದ್ದಾರೆ."

ಯಜಮಾನರು ಬಗ್ಗಿ ಹಗ್ಗ ಬಿಚ್ಚಿದರು. ಅಕ್ಕ ಗೇರು ಹಾಕಿದಳು. ನಾನು ಕಿವಿಗೊಟ್ಟು ಕೇಳಿದೆ; ಬೋಟು ಧಡ್ ಎನ್ನಲಿಲ್ಲ.