ಆವಿ ಪೈಪಿನ ಪಕ್ಕದ ಇಪ್ಪತ್ತು ನಿಮಿಷ

ನನಗೆ ಮೂಗಿನ ತುದಿಯಲ್ಲೇ ಕೋಪ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ ನಡೆಸುವವನಿಗೆ ಅದು ಒಳ್ಳೆಯದಲ್ಲ. ಬೆಳಿಗ್ಗೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಪಕ್ಕದವನ ಮೇಲಿನ ಹಟಕ್ಕೆ ಹರಾಜು ಏರಿಸಿ, ಕೆಟ್ಟ ಗೂಡು ಹೊತ್ತು ತಂದು, ಆ ಸಿಟ್ಟನ್ನೆಲ್ಲ ಬಿಸಿನೀರಿನ ತೊಟ್ಟಿಗಳ ಮುಂದೆ ನಿಂತ ಆರು ಹೆಂಗಸರ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಹೀಗಾದರೆ ವ್ಯಾಪಾರ ಮುಳುಗುತ್ತದೆ ಎಂದು ಹೆಂಡತಿಯೇ ಚಿಂತಾಮಣಿಯ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಧ್ಯಾನ ಕಲಿಯಲು ಕಳಿಸಿದಳು. ಆ ಕೋಪ ಹಾಗೇ ಉಳಿದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಮೇಷ್ಟ್ರು ಹೇಳಿಕೊಟ್ಟಿದ್ದು ಸುಲಭದ್ದು. ಉಸಿರು ನೋಡು. ಶಬ್ದ ಬಂದರೆ ಬರಲಿ, ಹೋದರೆ ಹೋಗಲಿ, ಇದು ಇಂಥದ್ದು ಎಂದು ಹೆಸರಿಡಬೇಡ. "ಮನೇಲಿ, ಬೆಳಗಿನ ಜಾವ, ಒಂದು ಮೂಲೇಲಿ ಕೂತ್ಕೊಳಪ್ಪ" ಎಂದಿದ್ದರು. ನಾನು ಕೇಳುವ ಆಸಾಮಿಯೇ? ಸದ್ದಿಲ್ಲದ ಕಡೆ ಯಾರು ಬೇಕಾದರೂ ಕೂರುತ್ತಾರೆ ಎಂದುಕೊಂಡು ಘಟಕದೊಳಗೇ, ಬಾಯ್ಲರಿನಿಂದ ತೊಟ್ಟಿಗಳಿಗೆ ಆವಿ ಒಯ್ಯುವ ಪೈಪಿನ ಪಕ್ಕ, ಒಂದು ಮಣೆ ಹಾಕಿಕೊಂಡೆ. ಮಾರುಕಟ್ಟೆಯಿಂದ ಬಂದ ಮೇಲೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಯಾರೂ ನನ್ನನ್ನು ಮಾತಾಡಿಸಬಾರದು ಎಂದು ಕಟ್ಟಪ್ಪಣೆ ಮಾಡಿದೆ.

ಫಲ ಸಿಕ್ಕಿತು, ಸುಳ್ಳು ಹೇಳುವುದಿಲ್ಲ. ಹರಾಜಿನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವುದು ಬಂತು. ಒಂದೊಂದು ರಾಶಿಯಿಂದಲೂ ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದಿನಿಂದ ಗುಣ ನೋಡುವ ತಾಳ್ಮೆ ಬಂತು. ನೂಲು ಸಮನಾಗಿ ಬರತೊಡಗಿತು. ಹೆಂಗಸರು "ಸಾಮಿ ಕೂತ್ರು ಕಣ್ರೇ, ಮೆತ್ತಗೆ ಮಾತಾಡ್ರೇ" ಎಂದು ನಗುತ್ತಿದ್ದರು. ಅವರ ನಗು ನನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಅದೇ ನನಗೊಂದು ಜಂಬ.

ನನ್ನ ಮಣೆಗೆ ಹತ್ತಿರದ ತೊಟ್ಟಿ ಕೆಂಚಾರ್ಲಹಳ್ಳಿಯಿಂದ ಮದುವೆಯಾಗಿ ಬಂದ ಹೆಂಗಸಿನದು. ಕುದಿಯುವ ನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕುವುದರಲ್ಲಿ ಅವಳ ಬಲಗೈಗೆ ಸಮ ಇರಲಿಲ್ಲ. ನನ್ನ ಕಣ್ಣಿಗೆ ಕಾಣದ ಎಳೆ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಆ ಕೈಯಿಂದ ಅವಳ ಮನೆ ನಡೆಯುತ್ತಿತ್ತು, ನನ್ನದೂ.

ಒಂದು ಸೋಮವಾರ ಪೈಪು ಸಣ್ಣಗೆ ಸುಯ್‌ಗುಟ್ಟತೊಡಗಿತು. ಕಣ್ಣು ಮುಚ್ಚಿಯೇ ಕೇಳಿಸಿಕೊಂಡೆ, ಹೆಸರಿಡಲಿಲ್ಲ. ಮಂಗಳವಾರ ಅದು ತಡೆದು ತಡೆದು ಬಂತು, ಉಬ್ಬಸದವರು ಉಸಿರೆಳೆದ ಹಾಗೆ. ನಾನು ಎದ್ದ ಮೇಲೆ ಅವಳು ಕರೆದಳು.

"ಅಣ್ಣಾ, ಈ ಜಾಯಿಂಟು ಯಾಕೋ ಸರಿಯಿಲ್ಲ. ನಂಗೆ ಭಯ ಆಗ್ತೈತೆ, ಒಸಿ ನೋಡ್ಸಣ್ಣ."

ಮೊದಲಾಗಿದ್ದರೆ ಅವಳ ಮೇಲೂ ಕೂಗಾಡಿ, ಪೈಪಿನ ಮೇಲೂ ಕೂಗಾಡಿ, ಅದೇ ಸಿಟ್ಟಿನಲ್ಲಿ ಚಿಕ್ಕಬಳ್ಳಾಪುರದ ಫಿಟ್ಟರಿಗೆ ಫೋನು ಮಾಡಿ ಬೈದು ಕರೆಸುತ್ತಿದ್ದೆ. ಧ್ಯಾನ ಕಲಿತವನಲ್ಲವೇ, ನಕ್ಕೆ.

"ಸದ್ದಿನ ಕಡೆ ಗಮನ ಕೊಡ್ಬೇಡಮ್ಮ. ಕೈಲಿರೋ ಕೆಲಸ ನೋಡು, ಭಯ ತಾನಾಗೇ ಹೋಗ್ತದೆ."

ಅವಳು ತೆಲುಗಿನಲ್ಲಿ ಏನೋ ಗೊಣಗಿ ತೊಟ್ಟಿಯ ಕಡೆ ತಿರುಗಿದಳು. ಉಳಿದ ಐವರೂ ಆ ದಿನ ನಗಲಿಲ್ಲ. ಸಂಜೆಯವರೆಗೂ ಅವಳು ಪೈಪಿನಿಂದ ಒಂದು ಗೇಣು ಆಚೆ ಸರಿದು ನಿಂತು ಕೆಲಸ ಮಾಡಿದಳು. ಮೈ ಸರಿಸಿಕೊಂಡರೂ ಕೈ ತೊಟ್ಟಿಯಲ್ಲೇ ಇರಬೇಕಲ್ಲ.

ಬುಧವಾರ ಕೂತಾಗ ಪೈಪಿನ ಸದ್ದು ನನಗೆ ಕೇಳಿಸಲೇ ಇಲ್ಲ. ಅದು ನಿಂತಿರಲಿಲ್ಲ. ಅವತ್ತು ಬೆಳಗಿನಿಂದ ಕಿರುಚುತ್ತಲೇ ಇತ್ತು ಎಂದು ಹೆಂಗಸರು ಆಮೇಲೆ ಹೇಳಿದರು. ನಾನು ಗೆದ್ದೆ ಎಂದುಕೊಂಡೆ. ಅಷ್ಟು ತಿಳಿಯಾದ ಮನಸ್ಸು ಹುಟ್ಟಿದಾಗಿನಿಂದ ನನಗೆ ಇರಲಿಲ್ಲ.

ಜಾಯಿಂಟು ಕಿತ್ತುಕೊಂಡದ್ದು ಆಗ. ಆವಿ ನೇರವಾಗಿ ಅವಳ ಬಲಗೈ ಮೇಲೆ ನುಗ್ಗಿತು. ಪೈಪು ಕಿತ್ತುಹೋದದ್ದು ಕೇಳಿಸಿತು, ಅವಳು ಕೂಗಿದ್ದೂ ಕೇಳಿಸಿತು. "ಅಣ್ಣಾ" ಎಂದೇ ಕೂಗಿದಳು. ಶಬ್ದ ಬಂತು, ಹೋಗಲಿ ಅಂದುಕೊಂಡೆ. ಒಂದು ಉಸಿರು ಎಳೆದುಕೊಂಡೆ, ಬಿಟ್ಟೆ. ಇನ್ನೊಂದು ಎಳೆದುಕೊಂಡೆ. ನಾನು ಕಣ್ಣು ಬಿಡುವಷ್ಟರಲ್ಲಿ ಕೊನೆಯ ತೊಟ್ಟಿಯ ಮುದುಕಿ ಓಡಿ ಬಂದು ಆವಿಯ ವಾಲ್ವು ತಿರುಗಿಸಿದ್ದಳು. ವಾಲ್ವು ಇದ್ದದ್ದು ನಾನು ಕೂತಲ್ಲಿಂದ ಕೈಗೆಟಕುವಷ್ಟು ಹತ್ತಿರ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಆಸ್ಪತ್ರೆಯಲ್ಲಿ ಕೈಯ ಕಟ್ಟು ಬಿಚ್ಚಿದ ದಿನ ನಾನೂ ಇದ್ದೆ. ಬೆರಳುಗಳು ಬಿಗಿದುಕೊಂಡಿದ್ದವು. ಇನ್ನು ಇವು ಮೊದಲಿನ ಹಾಗೆ ಮಡಚುವುದಿಲ್ಲ ಎಂದರು ಡಾಕ್ಟರು. ಅವಳ ಗಂಡ ನನ್ನ ಕಡೆ ತಿರುಗಿ, "ನೀವು ಅಲ್ಲೇ ಪಕ್ಕದಲ್ಲೇ ಇದ್ರಲ್ಲ ಸಾಮಿ" ಎಂದ. ನಾನು ಬಾಯಿ ತೆರೆಯುವ ಮೊದಲೇ ಅವಳು ತಡೆದಳು.

"ಸುಮ್ನಿರಿ. ಅಣ್ಣ ಧ್ಯಾನದಾಗೆ ಇದ್ರು. ಪಾಪ, ಅವ್ರಿಗೆ ಏನೂ ಕೇಳ್ಸಿರಲ್ಲ."

ಗಂಡ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಹೌದೆಂಬಂತೆ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ.