ಪ್ರೆಶರ್ ಇಳಿದರೂ ಬರುವ ಅಮೀನಬಿ

ಬೆಳಗಿನ ಆರು ಗಂಟೆ. ಬೆಟಗೇರಿಯ ಓಣಿಯಲ್ಲಿ ವಿದ್ಯುತ್ ಮಗ್ಗಗಳ ಗದ್ದಲ ಇನ್ನೂ ಶುರುವಾಗಿಲ್ಲ. ಶುರುವಾದರೆ ಸ್ಟೆತೊಸ್ಕೋಪಿನಲ್ಲಿ ನಾಡಿ ಕೇಳುವುದಿಲ್ಲ, ಅದಕ್ಕೇ ಅಮೀನಬಿ ಈ ಹೊತ್ತಿಗೇ ಮನೆ ಮನೆ ಸುತ್ತುತ್ತಾರೆ. ಎಂಬತ್ತೆಂಟರ ಸಾವಂತ್ರೆವ್ವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುತ್ತಾರೆ. ನೂರಾ ತೊಂಬತ್ತು! ಹೋದ ತಿಂಗಳು ನೂರಾ ನಲವತ್ತಿತ್ತು.

"ಗುಳಿಗಿ ತಗೊಂಡೀರಿಲ್ಲೋ, ಯವ್ವಾ?"

"ಹೂಂ, ತಂಗಿ." ಮುದುಕಿ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ.

ನರ್ಸ್ ಕೆಲಸದಿಂದ ನಿವೃತ್ತರಾಗಿ ಮೂರು ವರ್ಷವಾದರೂ ಅಮೀನಬಿಗೆ ಮನೆಯಲ್ಲಿ ಕೂತು ಗೊತ್ತಿಲ್ಲ. ಸಂಬಳವಿಲ್ಲ, ಶಾಲು ಹೊದಿಸುವವರಂತೂ ಈ ಓಣಿಗೆ ಬರುವುದೇ ಇಲ್ಲ. ಎಂಬತ್ತೈದು ದಾಟಿದ ಮೂವತ್ತೊಂದು ಜನರನ್ನು ನೋಡಿಕೊಳ್ಳುತ್ತಾರೆ. ರಕ್ತದೊತ್ತಡ ಏರಿದವರ ಮನೆಗೆ ವಾರಕ್ಕೊಮ್ಮೆ, ಹತೋಟಿಗೆ ಬಂದವರ ಮನೆಗೆ ತಿಂಗಳಿಗೊಮ್ಮೆ. ಈ ನಿಯಮ ಅವರೇ ಮಾಡಿಕೊಂಡದ್ದು.

ಅದೇ ನಿಯಮ ಕಳಕಪ್ಪಜ್ಜನ ಜೀವ ತೆಗೆಯಿತೆಂಬ ಕೊರಗು ಅವರನ್ನು ಬಿಟ್ಟಿಲ್ಲ. ತೊಂಬತ್ತೊಂದರ ಆ ನೇಕಾರನ ಮನೆಯಲ್ಲಿ ಹನ್ನೊಂದು ಜನರಿದ್ದರು, ಅಜ್ಜನನ್ನು ಮಾತಾಡಿಸಲು ಒಬ್ಬರಿಗೂ ಪುರಸೊತ್ತಿರಲಿಲ್ಲ. ಪ್ರೆಶರ್ ಇಳಿಯಿತೆಂದು ಅಮೀನಬಿ ಖುಷಿಯಿಂದ ತಿಂಗಳಿಗೊಮ್ಮೆ ಹೋಗತೊಡಗಿದರು. ಅಜ್ಜ ಗುಳಿಗೆ ಬಿಟ್ಟರು. ಲಕ್ವ ಹೊಡೆದು ತೀರಿಕೊಂಡ ಮೇಲೆ ಹಾಸಿಗೆಯಡಿ ಗುಳಿಗೆಗಳು ಸಿಕ್ಕವು. "ಪ್ರೆಶರ್ ಏರಿದ್ರ ಅಮೀನಬಿ ವಾರಾ ಬರ್ತಾಳ ಅಂತಿದ್ರು," ಎಂದಳು ಸೊಸೆ.

"ಮನಸ್ಸು ಕುಗ್ಗಿದ್ದು ನನ್ನ ಮಶೀನಿನ್ಯಾಗ ಕಾಣಲಿಲ್ರಿ," ಎನ್ನುತ್ತಾರೆ ಅಮೀನಬಿ.

ಹಾಗಾಗಿ ಇವತ್ತು ಅವರು ಗದರುವುದಿಲ್ಲ. ಸಾವಂತ್ರೆವ್ವನ ಕೈ ಹಿಡಿದು ಪಕ್ಕದಲ್ಲೇ ಕೂರುತ್ತಾರೆ. ಮುದುಕಿ ಸೆರಗಿನ ಗಂಟು ಬಿಚ್ಚುತ್ತಾರೆ. ಹದಿನೆಂಟು ಗುಳಿಗೆ.

"ಇಳಿದ್ರ ನೀ ಬರೂದಿಲ್ಲಲ್ಲ, ತಂಗಿ. ಊಟಾ ಸೇರೂದಿಲ್ಲ, ನಿದ್ದಿ ಹತ್ತೂದಿಲ್ಲ. ಯಾಕರೆ ಇರಬೇಕು ಅನಸ್ತೈತಿ."

"ಇಳಿದ್ರೂ ವಾರಾ ಬರ್ತೀನಿ, ಯವ್ವಾ, ಖರೇನ. ಇವತ್ತ ದವಾಖಾನಿಗೆ ಹೋಗೂಣು. ಮನಸ್ಸಿನ ಡಾಕ್ಟರ್ ಕಡೆನೂ ನಾನ ಕರ್ಕೊಂಡು ಹೋಗ್ತೀನಿ."

ಸಾವಂತ್ರೆವ್ವ ಒಂದು ಗುಳಿಗೆ ನುಂಗುತ್ತಾರೆ.

ಆಟೊ ಕರೆಯಲು ಹೊರಗೆ ಬಂದ ಅಮೀನಬಿ ಕಟ್ಟೆ ಹಿಡಿದು ನಿಲ್ಲುತ್ತಾರೆ. ಅವರಿಗೂ ಅರವತ್ತಮೂರು, ಎರಡೂ ಮೊಣಕಾಲು ಸವೆದಿವೆ. ನಿಮಗೇನು ಬೇಕು ಎಂದು ಕೇಳಿದರೆ ಮೊಣಕಾಲು ನೀವಿಕೊಳ್ಳುತ್ತಾರೆ.

"ಮಾತು ಕೊಟ್ಟು ಬಂದೇನ್ರಿ. ಆಕಿಕಿಂತ ಒಂದ ದಿನ ಹೆಚ್ಚಿಗಿ ನನ್ನ ಮೊಣಕಾಲು ನಡದ್ರ ಸಾಕು."